ಗೋಡೆಯಿಂದ ಬರುವ ಔಷಧ

ಜ್ವರಕ್ಕೆ ಒಂದು ಪ್ಯಾರಾಸಿಟಮಾಲ್ ಕೊಡಬೇಕೆಂದರೂ ವಾರ್ಡಿನಲ್ಲಿ ಡಾಕ್ಟರು ಚಾರ್ಟಿನ ಮೇಲೆ ಬರೆಯಬೇಕು. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ ಎಂಬುದೆಲ್ಲ ಅಲ್ಲಿರಬೇಕು, ಕೊಟ್ಟ ಮೇಲೆ ಸಿಸ್ಟರ್ ಸಹಿ ಹಾಕಬೇಕು. ಆದರೆ ಹಾಸಿಗೆಯ ತಲೆದೆಸೆಯ ಗೋಡೆಯಿಂದ ಬರುವ ಆಮ್ಲಜನಕವನ್ನು ಎಷ್ಟೋ ಸಲ ಯಾರೂ ಏನೂ ಬರೆಯದೆ ಶುರು ಮಾಡಿಬಿಡುತ್ತಾರೆ. ಮಾಸ್ಕ್ ಹಾಕಿ ತಿರುಪು ತಿರುಗಿಸಿದರೆ ಮುಗಿಯಿತು. ಅದನ್ನು ಯಾವಾಗ ಕಡಿಮೆ ಮಾಡಬೇಕು, ಯಾವಾಗ ತೆಗೆಯಬೇಕು ಎಂಬುದು ರಾತ್ರಿ ಪಾಳಿಗೆ ಬಂದ ಸಿಸ್ಟರ್‌ಗೆ ಗೊತ್ತಾಗುವ ದಾರಿಯೇ ಇಲ್ಲ.

ಆಮ್ಲಜನಕವೂ ಔಷಧವೇ. ರಕ್ತದಲ್ಲಿ ಆಮ್ಲಜನಕ ಕುಸಿದಾಗಿನ ಚಿಕಿತ್ಸೆಗೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅದನ್ನು ಅಗತ್ಯ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಔಷಧವೆಂದ ಮೇಲೆ ಅದಕ್ಕೊಂದು ಪ್ರಮಾಣ ಇರಲೇಬೇಕು. ಬ್ರಿಟನ್ನಿನ ಶ್ವಾಸಕೋಶ ತಜ್ಞರ ಸಂಘವಾದ ಬ್ರಿಟಿಷ್ ಥೊರಾಸಿಕ್ ಸೊಸೈಟಿ 2008ರ ಮಾರ್ಗಸೂಚಿಯಲ್ಲಿ ಆ ಪ್ರಮಾಣವನ್ನು ಹೇಳಿದ ರೀತಿ ನನಗೆ ಬಹಳ ಹಿಡಿಸಿತು. ಎಷ್ಟು ಲೀಟರ್ ಎಂದು ಬರೆದರೆ ಸಾಲದು, ಯಾವ ಮಟ್ಟ ಮುಟ್ಟಬೇಕು ಎಂದು ಬರೆಯಿರಿ ಎಂದಿತು ಅದು. ತೀವ್ರ ಅಸ್ವಸ್ಥರಾದ ಹೆಚ್ಚಿನವರಿಗೆ ಬೆರಳಿನ ಆಕ್ಸಿಮೀಟರ್ ತೋರಿಸುವ ಸ್ಯಾಚುರೇಶನ್, ಅಂದರೆ ರಕ್ತದ ಹಿಮೋಗ್ಲೋಬಿನ್ ಶೇಕಡಾ ಎಷ್ಟು ಆಮ್ಲಜನಕ ತುಂಬಿಕೊಂಡಿದೆ ಎಂಬ ಅಂಕಿ, 94ರಿಂದ 98 ಇರಬೇಕು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುವ ಅಪಾಯ ಇರುವವರಿಗೆ 88ರಿಂದ 92 ಸಾಕು. ಈ ಎರಡನೆಯ ಗುಂಪಿನಲ್ಲಿ ಮುಖ್ಯವಾಗಿ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶ ರೋಗ ಇರುವವರಿದ್ದಾರೆ.

ಇದು ಪಾಲನೆಯಾಗುತ್ತಿದೆಯೇ ಎಂದು ನೋಡಲು ಅಲ್ಲಿ ಆಡಿಟ್ ಶುರುವಾಯಿತು. ವಿಧಾನ ಬಹಳ ಸರಳ. ಒಂದು ದಿನ ಗೊತ್ತುಮಾಡಿಕೊಂಡು ವಾರ್ಡಿನ ಹಾಸಿಗೆಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೋಗಬೇಕು. ಈ ರೋಗಿಗೆ ಆಮ್ಲಜನಕ ಹೋಗುತ್ತಿದೆಯೇ? ಚಾರ್ಟಿನಲ್ಲಿ ಅದರ ಆದೇಶ ಇದೆಯೇ, ಗುರಿ ಇದೆಯೇ? ಈಗಿನ ಸ್ಯಾಚುರೇಶನ್ ಆ ಗುರಿಯೊಳಗಿದೆಯೇ? ಔಷಧ ಹಂಚುವ ಹೊತ್ತಿಗೆ ಸಿಸ್ಟರ್ ಅದಕ್ಕೂ ಸಹಿ ಹಾಕಿದ್ದಾರೆಯೇ? 2008ರಲ್ಲಿ ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಬರಹದ ಆದೇಶ ಇದ್ದದ್ದು ಸುಮಾರು ಮೂರರಲ್ಲಿ ಒಬ್ಬರಿಗೆ. ಚಾರ್ಟಿನಲ್ಲೇ ಆಮ್ಲಜನಕಕ್ಕೆಂದು ಅಚ್ಚುಹಾಕಿದ ಜಾಗ, ತರಬೇತಿ, ಮತ್ತೆ ಮತ್ತೆ ಆಡಿಟ್, ಇಷ್ಟೆಲ್ಲ ಆದ ಮೇಲೂ 2015ರಲ್ಲಿ 100ಕ್ಕೆ 42 ಮಂದಿಗೆ ಸರಿಯಾದ ಆದೇಶ ಇರಲಿಲ್ಲ. ಗುರಿ ಬರೆದಿದ್ದವರ ಪೈಕಿಯೂ ಗುರಿಗಿಂತ ಕೆಳಗಿದ್ದವರು ಕಡಿಮೆ, ಗುರಿ ಮೀರಿ ಮೇಲಿದ್ದವರೇ ಹೆಚ್ಚು. ಜೀವ ಉಳಿಸುವ ಗಾಳಿ ನಾಲ್ಕು ಲೀಟರ್ ಹೆಚ್ಚಾದರೆ ಏನಾದೀತು ಎಂಬ ನಂಬಿಕೆ ಅಷ್ಟು ಆಳಕ್ಕೆ ಇಳಿದಿದೆ.

ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ಹೋಬಾರ್ಟ್ ನಗರದ ಪ್ರಯೋಗವನ್ನು ನೋಡಬೇಕು. ಸಿಒಪಿಡಿ ಉಲ್ಬಣಿಸಿದೆ ಎಂಬ ಅನುಮಾನದ ಮೇಲೆ ಆಂಬುಲೆನ್ಸ್ ಹತ್ತಿದ 405 ಮಂದಿಯಲ್ಲಿ ಒಂದು ಗುಂಪಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟರು, ಇನ್ನೊಂದು ಗುಂಪಿಗೆ 88ರಿಂದ 92ರ ನಡುವೆ ನಿಲ್ಲುವಂತೆ ಅಳೆದು ಕೊಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಧಾರಾಳ ಪಡೆದವರಲ್ಲಿ 100ಕ್ಕೆ 9 ಮಂದಿ ಸತ್ತರು, ಅಳೆದು ಪಡೆದವರಲ್ಲಿ 4.

ಕಾರಣ ಶ್ವಾಸಕೋಶದೊಳಗಿದೆ. ಹಾಳಾದ ಶ್ವಾಸಕೋಶ ಬಹಳ ಜಾಣತನದಿಂದ ಸಂಸಾರ ನಡೆಸುತ್ತಿರುತ್ತದೆ. ಗಾಳಿ ಸರಿಯಾಗಿ ಹೋಗದ ಭಾಗಗಳಲ್ಲಿ ಆಮ್ಲಜನಕ ಕಡಿಮೆಯಾದೊಡನೆ ಅಲ್ಲಿನ ರಕ್ತನಾಳಗಳು ಬಿಗಿದುಕೊಂಡು, ರಕ್ತವನ್ನು ಗಾಳಿಯಾಡುವ ಭಾಗಗಳ ಕಡೆಗೆ ತಿರುಗಿಸುತ್ತವೆ. ನಾವು ಹೊರಗಿನಿಂದ ಆಮ್ಲಜನಕ ಸುರಿದಾಗ ಆ ಬಿಗಿತ ಸಡಿಲವಾಗುತ್ತದೆ. ರಕ್ತ ಮತ್ತೆ ಗಾಳಿಯಾಡದ ಮೂಲೆಗಳಿಗೆ ಹರಿಯುತ್ತದೆ, ಅಲ್ಲಿ ಇಂಗಾಲದ ಡೈಆಕ್ಸೈಡ್ ಹೊರಹೋಗುವುದಿಲ್ಲ. ಜೊತೆಗೆ ಆಮ್ಲಜನಕ ತುಂಬಿಕೊಂಡ ಹಿಮೋಗ್ಲೋಬಿನ್ ತಾನು ಹೊತ್ತಿದ್ದ ಡೈಆಕ್ಸೈಡನ್ನೂ ರಕ್ತಕ್ಕೆ ಇಳಿಸುತ್ತದೆ. ಉಸಿರಾಟದ ವೇಗವೂ ಸ್ವಲ್ಪ ತಗ್ಗಬಹುದು. ರಕ್ತ ಹುಳಿಯಾಗುತ್ತದೆ, ರೋಗಿಗೆ ಮಂಪರು ಕವಿಯುತ್ತದೆ. ಆ ಹೊತ್ತಿನಲ್ಲಿ ಆಕ್ಸಿಮೀಟರ್ 99 ತೋರಿಸುತ್ತಿರುತ್ತದೆ, ಪಕ್ಕದಲ್ಲಿ ಕೂತ ಮನೆಯವರು ‘ಈಗ ಪರವಾಗಿಲ್ಲ, ನಿದ್ದೆ ಹತ್ತಿದೆ’ ಎಂದು ಸಮಾಧಾನಪಡುತ್ತಿರುತ್ತಾರೆ. ನನ್ನನ್ನು ಅತ್ಯಂತ ಕಾಡುವುದು ಈ ಚಿತ್ರ.

ಆಕ್ಸಿಮೀಟರ್ ಡೈಆಕ್ಸೈಡನ್ನು ಅಳೆಯುವುದಿಲ್ಲ. ಆಮ್ಲಜನಕ ಅತಿಯಾದುದನ್ನೂ ಹೇಳುವುದಿಲ್ಲ. ಹಿಮೋಗ್ಲೋಬಿನ್ ಪೂರ್ತಿ ತುಂಬಿದ ಮೇಲೆ ರಕ್ತದಲ್ಲಿ ಆಮ್ಲಜನಕದ ಒತ್ತಡ ಎರಡು ಮೂರು ಪಟ್ಟಾದರೂ ಪರದೆಯ ಮೇಲೆ ಅದೇ 100 ಇರುತ್ತದೆ. ಮೇಲಿನ ಗೆರೆಯನ್ನು 98ಕ್ಕೆ ಎಳೆದಿರುವುದರ ಹಿಂದೆ ಈ ವಿಚಾರವಿದೆ. ಸಿಒಪಿಡಿ ಇಲ್ಲದವರಿಗೂ ಇದು ಅನ್ವಯಿಸುತ್ತದೆ. 25 ಪ್ರಯೋಗಗಳ, 16,000ಕ್ಕೂ ಹೆಚ್ಚು ತೀವ್ರ ಅಸ್ವಸ್ಥ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ನಡೆದ ವಿಶ್ಲೇಷಣೆ, ಧಾರಾಳ ಆಮ್ಲಜನಕ ಸಾವಿನ ಸಂಖ್ಯೆಯನ್ನು ಹೆಚ್ಚಿಸುತ್ತದೆ ಎಂದು ತೋರಿಸಿತು.

ನಮ್ಮಲ್ಲಿ ‘ಆಕ್ಸಿಜನ್ ಆಡಿಟ್’ ಎಂಬ ಮಾತು ಜನರ ಕಿವಿಗೆ ಬಿದ್ದದ್ದು 2021ರ ಏಪ್ರಿಲ್, ಮೇ ತಿಂಗಳಲ್ಲಿ. ಸಿಲಿಂಡರಿಗಾಗಿ ಊರೂರು ಅಲೆದ ದಿನಗಳವು. ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತ ಮೇ 2ರ ರಾತ್ರಿಯ ಚಾಮರಾಜನಗರವನ್ನು ಮರೆಯಲಾಗದು. ಆಗಿನ ಆಡಿಟ್ ಪೂರೈಕೆಯನ್ನು, ಸೋರಿಕೆಯನ್ನು ನೋಡಿತು. ಅದೂ ಬೇಕಿತ್ತು. ಆದರೆ ಕೋವಿಡ್ ಚಿಕಿತ್ಸೆಗೆ ಕೇಂದ್ರ ಕೊಟ್ಟ ಸೂಚನೆಯಲ್ಲೇ ಗುರಿಯೂ ಇತ್ತು: 92ರಿಂದ 96, ಸಿಒಪಿಡಿ ಇದ್ದರೆ 88ರಿಂದ 92. ಈ ಅಂಕಿ ಕೇಸ್ ಶೀಟಿನಲ್ಲಿ ಇದೆಯೇ ಎಂದು ಹಾಸಿಗೆ ಹಾಸಿಗೆಗೆ ಹೋಗಿ ನೋಡುವುದಕ್ಕೆ ಹೊಸ ಯಂತ್ರವೇನೂ ಬೇಡ. ಒಂದು ಪೆನ್ನು, ಒಂದು ಮಧ್ಯಾಹ್ನ ಸಾಕು. ಕೊರತೆಯ ದಿನಗಳಲ್ಲಿ ಬೇಡದವರಿಗೆ ಹೋಗುವ ಪ್ರತಿ ಲೀಟರ್ ಬೇಕಾದವರಿಂದ ಕಿತ್ತದ್ದೇ.

ಬ್ರಿಟನ್ನಿನಲ್ಲಿ ಒಮ್ಮೆ ಹೀಗೆ ಡೈಆಕ್ಸೈಡ್ ಏರಿದ ರೋಗಿಗೆ ಮನೆಗೆ ಹೋಗುವಾಗ ಒಂದು ಎಚ್ಚರಿಕೆಯ ಕಾರ್ಡ್ ಕೊಡಬೇಕೆಂಬ ಸೂಚನೆ ಇದೆ. ಅವರ ಗುರಿ ಎಷ್ಟು, ಯಾವ ಮಾಸ್ಕ್ ಹಾಕಬೇಕು ಎಂದು ಅದರಲ್ಲಿರುತ್ತದೆ. ಶೇಕಡಾ 24ರಷ್ಟು ಆಮ್ಲಜನಕ ಕೊಡುವ ನೀಲಿ ವೆಂಚುರಿ (ಆಮ್ಲಜನಕವನ್ನು ಗೊತ್ತಾದ ಪ್ರಮಾಣದಲ್ಲಿ ಗಾಳಿಯೊಂದಿಗೆ ಬೆರೆಸಿ ಕೊಡುವ ಮಾಸ್ಕ್), ಅಥವಾ ಶೇಕಡಾ 28ರಷ್ಟು ಕೊಡುವ ಬಿಳಿಯದು. ಆಂಬುಲೆನ್ಸಿನವರು ಮೊದಲು ಅದನ್ನು ಓದುತ್ತಾರೆ. ಬೀಡಿಯಿಂದಲೋ, ನಲವತ್ತು ವರ್ಷ ಸೌದೆ ಒಲೆ ಊದಿಯೋ ಶ್ವಾಸಕೋಶ ಕಳೆದುಕೊಂಡವರು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ದಮ್ಮು ಹತ್ತಿ ಒಮ್ಮೆ ಅಡ್ಮಿಟ್ ಆಗಿ ಬಂದ ಅಜ್ಜಿಯ ಆಧಾರ್ ಕಾರ್ಡಿನ ಜೊತೆ, ‘ಇವರಿಗೆ 88ರಿಂದ 92 ಸಾಕು’ ಎಂದು ಕನ್ನಡದಲ್ಲಿ ಬರೆದ ಇನ್ನೊಂದು ಕಾರ್ಡನ್ನು ಡಿಸ್ಚಾರ್ಜ್ ದಿನವೇ ಕೊಟ್ಟು ಕಳಿಸಬಹುದು.