ಸೆರೊಟೊನಿನ್ ರಿಪೋರ್ಟ್ ತರುವವರಲ್ಲಿ ಒಂದು ವಿನಂತಿ

ಕಳೆದ ವರ್ಷ ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಮಗನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾವೊಬ್ಬರೇ ಒಳಗೆ ಬಂದು, ಎರಡು ಲ್ಯಾಬ್ ರಿಪೋರ್ಟುಗಳನ್ನು ಜಮಾ-ಖರ್ಚಿನ ಪುಟಗಳಂತೆ ನನ್ನ ಮೇಜಿನ ಮೇಲೆ ಅಕ್ಕಪಕ್ಕ ಹರಡಿದರು. ಒಂದು, ಚಿಕಿತ್ಸೆಗೆ ಮುನ್ನ ಅವರೇ ಮಾಡಿಸಿಟ್ಟುಕೊಂಡಿದ್ದ, ಮಗನ ರಕ್ತದ ಸೆರೊಟೊನಿನ್ (ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ) ಪರೀಕ್ಷೆ. ಇನ್ನೊಂದು, ಮಗ ಆರು ವಾರ ಖಿನ್ನತೆಗೆ ಕೊಡುವ ಎಸ್ಸಿಟಾಲೋಪ್ರಾಮ್ ಗುಳಿಗೆ ನುಂಗಿದ ಮೇಲಿನದು. "ಮೊದಲೇ ಕಡಿಮೆ ಇತ್ತು ಸಾರ್, ಮಾತ್ರೆ ತಗೊಂಡ ಮೇಲೆ ಪಾತಾಳಕ್ಕೆ ಇಳಿದಿದೆ. ಅದಕ್ಕೇ ನಾಲ್ಕು ದಿನದಿಂದ ನಿಲ್ಲಿಸಿದ್ದೀವಿ" ಎಂದರು. ದನಿಯಲ್ಲಿ ಆಕ್ಷೇಪಕ್ಕಿಂತ ಭಯವೇ ಹೆಚ್ಚಿತ್ತು. ಹುಡುಗ ನಿದ್ದೆ ಮಾಡುತ್ತಿದ್ದನೇ ಎಂದು ಕೇಳಿದೆ. ಮಾಡುತ್ತಿದ್ದನಂತೆ, ಗುಳಿಗೆ ನಿಲ್ಲಿಸುವ ತನಕ. ಈಗ ತಲೆಸುತ್ತು, ಸಿಡುಕು, ರಾತ್ರಿಯಿಡೀ ಎಚ್ಚರ.

ಆ ರಿಪೋರ್ಟಿನ ಅಂಕಿ ಸುಳ್ಳಾಗಿರಲಿಲ್ಲ. ಗುಳಿಗೆಯನ್ನು ತಪ್ಪದೆ ತೆಗೆದುಕೊಂಡವರ ರಕ್ತದಲ್ಲಿ ಆ ಅಂಕಿ ಇಳಿಯಲೇಬೇಕು. ಇದನ್ನು ನಾನು ವಾರಕ್ಕೊಮ್ಮೆಯಾದರೂ ವಿವರಿಸುತ್ತೇನೆ, ಬಹುಮಟ್ಟಿಗೆ ಸೋಲುತ್ತೇನೆ. ಆದ್ದರಿಂದ ಈ ಸಲ ಬರೆದು ನೋಡುತ್ತಿದ್ದೇನೆ.

ದೇಹದಲ್ಲಿರುವ ಸೆರೊಟೊನಿನ್‌ನಲ್ಲಿ ಶೇ. 90ಕ್ಕಿಂತ ಹೆಚ್ಚಿನದು ತಯಾರಾಗುವುದು ಕರುಳಿನಲ್ಲಿ. ಅಲ್ಲಿಂದ ರಕ್ತಕ್ಕೆ ಬಂದದ್ದನ್ನು, ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣಗಳಾದ ಪ್ಲೇಟ್‌ಲೆಟ್‌ಗಳು ಹೀರಿಕೊಂಡು ತಮ್ಮೊಳಗೆ ಕೂಡಿಟ್ಟುಕೊಳ್ಳುತ್ತವೆ, ಏಕೆಂದರೆ ಅವುಗಳಿಗೆ ಸ್ವತಃ ಅದನ್ನು ತಯಾರಿಸಲು ಬರುವುದಿಲ್ಲ. ರಕ್ತಪರೀಕ್ಷೆ ಅಳೆಯುವುದು ಬಹುಪಾಲು ಈ ದಾಸ್ತಾನನ್ನು. ರಕ್ತ ಮತ್ತು ಮಿದುಳಿನ ನಡುವೆ ಇರುವ ತಡೆಯನ್ನು ಸೆರೊಟೊನಿನ್ ದಾಟಲಾರದು; ಮಿದುಳು ತನಗೆ ಬೇಕಾದುದನ್ನು ತನ್ನ ಕಾಂಡದಲ್ಲಿರುವ ನರಕೋಶಗಳ ಒಂದು ಸಣ್ಣ ಗುಂಪಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ಇನ್ನು ಈ ಗುಳಿಗೆಯ ಕೆಲಸವೆಂದರೆ, ಹೊರಬಿದ್ದ ಸೆರೊಟೊನಿನ್‌ಅನ್ನು ಮರಳಿ ಒಳಗೆಳೆದುಕೊಳ್ಳುವ ಬಾಗಿಲನ್ನು ಮುಚ್ಚುವುದು. ಅದೇ ಬಾಗಿಲು ಪ್ಲೇಟ್‌ಲೆಟ್‌ಗಳಲ್ಲೂ ಇದೆ. ಬಾಗಿಲು ಮುಚ್ಚಿದ ಮೇಲೆ ಅವು ಹೀರಿಕೊಳ್ಳುವುದಾದರೂ ಎಲ್ಲಿಂದ? ಪ್ಲೇಟ್‌ಲೆಟ್ ಒಂದರ ಆಯುಸ್ಸು ಹತ್ತು ದಿನವನ್ನು ಮೀರುವುದು ಅಪರೂಪವಾದ್ದರಿಂದ, ಕೆಲವೇ ವಾರಗಳಲ್ಲಿ ಹಳೆಯವು ಸತ್ತು, ಬರಿಗೈಯ ಹೊಸವು ರಕ್ತದಲ್ಲಿ ತುಂಬಿಕೊಳ್ಳುತ್ತವೆ, ಅಂಕಿ ಕುಸಿಯುತ್ತದೆ. ಹಿರಿಯರು ಕಂಡದ್ದು ಇದನ್ನೇ.

ಈ ಪರೀಕ್ಷೆಯೇ ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಕಾರ್ಸಿನಾಯ್ಡ್ ಎಂಬ ಒಂದು ಬಗೆಯ ಗೆಡ್ಡೆಯ ಅನುಮಾನವಿದ್ದಾಗ ವೈದ್ಯರು ಅದನ್ನು ಕೇಳುವುದುಂಟು. ಖಿನ್ನತೆಯೆಂದು ಬಂದವರಿಗೆ ನಾನು ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗಳನ್ನು ಬರೆದುಕೊಡುವುದೂ ನಿಜ, ಏಕೆಂದರೆ ಅವುಗಳ ಏರುಪೇರು ಖಿನ್ನತೆಯ ವೇಷದಲ್ಲಿ ಬರಬಲ್ಲದು. ಬಹುಶಃ ಗೊಂದಲ ಹುಟ್ಟುವುದು ಇಲ್ಲಿಯೇ. ಸಕ್ಕರೆ ಇಷ್ಟು, ಥೈರಾಯ್ಡ್ ಇಷ್ಟು ಎಂದು ಅಳೆದು, ಕಡಿಮೆಯಿದ್ದರೆ ತುಂಬಿಸಿ ಅಭ್ಯಾಸವಾದ ಮನೆಗಳಲ್ಲಿ ಮನಸ್ಸಿನ ರಾಸಾಯನಿಕಗಳೂ ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿನಂತೆ ಕಾಣುತ್ತವೆ: ಮಟ್ಟ ಇಳಿದಿದೆ, ಮೋಟಾರ್ ಹಾಕಿ.

ಈ ಟ್ಯಾಂಕಿನ ಚಿತ್ರವನ್ನು ಜನರ ತಲೆಗೆ ತುಂಬಿದವರು ನಾವೇ ಎಂಬುದನ್ನು ಒಪ್ಪಿಕೊಳ್ಳಬೇಕು. ನಮ್ಮ ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪೀನ್ ಎಂಬ ವಸ್ತುವನ್ನು ರಕ್ತದೊತ್ತಡಕ್ಕೆ ಕೊಟ್ಟಾಗ ಕೆಲವರು ಖಿನ್ನರಾದರು. ಅದು ಮಿದುಳಿನಲ್ಲಿ ಸೆರೊಟೊನಿನ್ ಹಾಗೂ ಅದರ ಬಳಗದ ರಾಸಾಯನಿಕಗಳ ದಾಸ್ತಾನನ್ನು ಬರಿದುಮಾಡುತ್ತದೆಂದು ಮುಂದೆ ತಿಳಿಯಿತು. ಬರಿದಾದರೆ ದುಃಖ, ತುಂಬಿದರೆ ಸುಖ ಎಂಬ ಊಹೆ ಅಲ್ಲಿಂದ ಬಲಗೊಂಡಿತು. ಊಹೆಯಾಗಿ ಅದು ಫಲವತ್ತಾಗಿತ್ತು, ಆದರೆ ಒಂದು ಲೆಕ್ಕ ಮಾತ್ರ ಎಂದೂ ತಾಳೆಯಾಗಲಿಲ್ಲ. ಗುಳಿಗೆ ನುಂಗಿದ ಕೆಲವೇ ಗಂಟೆಗಳಲ್ಲಿ ಹೀರಿಕೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ರೋಗಿಗೆ ಸರಿಯಾಗಿ ಹಗುರವೆನಿಸಲು ಮಾತ್ರ ವಾರಗಳೇ ಬೇಕು. ಕೊರತೆಯೊಂದೇ ಕಾಯಿಲೆಯಾಗಿದ್ದರೆ ಮರುದಿನ ಬೆಳಿಗ್ಗೆಯೇ ನಗಬೇಕಿತ್ತು. ಆ ವಾರಗಳಲ್ಲಿ ನರಕೋಶಗಳ ಮೇಲೆ ಕುಳಿತು ಈ ರಾಸಾಯನಿಕಗಳನ್ನು ಗುರುತಿಸುವ ಗ್ರಾಹಕಗಳ (ರಿಸೆಪ್ಟರ್‌ಗಳ) ಸಂವೇದನೆ ಬದಲಾಗುತ್ತದೆ, ನರಕೋಶಗಳ ನಡುವಿನ ಬೆಸುಗೆಗಳು ನಿಧಾನವಾಗಿ ಮರುಹೊಂದಿಕೊಳ್ಳುತ್ತವೆ ಎಂಬುದು ಇಂದಿನ ತಿಳಿವಳಿಕೆ. ಆದರೂ ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ "ತಲೆಯಲ್ಲಿ ಕೆಮಿಕಲ್ ಕಡಿಮೆಯಾಗಿದೆ ಅಷ್ಟೇ" ಎಂದು ಹೇಳಿ ಕಳಿಸಿದ್ದೇನೆ. ಮಗ ಸೋಮಾರಿಯೆಂದು ಬಯ್ಯುವ ತಂದೆಯ ಬಾಯಿ ಮುಚ್ಚಿಸಲು ಅದಕ್ಕಿಂತ ಚುರುಕಾದ ಮಾತು ಆಗ ನನ್ನ ಬಳಿ ಇರಲಿಲ್ಲ.

ಸೆರೊಟೊನಿನ್‌ಗೆ ತನ್ನದೇ ಆದ ಒಂದು ಅರ್ಥವಿಲ್ಲ. ಅದನ್ನು ಗುರುತಿಸುವ ಗ್ರಾಹಕಗಳೇ ಹದಿನಾಲ್ಕು ಬಗೆಯವು. ಒಂದು ನರಕೋಶವನ್ನು ಕೆರಳಿಸಿದರೆ ಮತ್ತೊಂದು ತಣಿಸುತ್ತದೆ. ಎಷ್ಟಿದೆ ಎಂಬುದಕ್ಕಿಂತ ಎಲ್ಲಿ, ಯಾವ ಗ್ರಾಹಕದ ಮೇಲೆ, ಯಾವ ವಯಸ್ಸಿನಲ್ಲಿ ಎಂಬುದು ದೊಡ್ಡ ಪ್ರಶ್ನೆ. ವಯಸ್ಸಿನ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎಂಟು-ಹತ್ತು ವರ್ಷದ ಮಕ್ಕಳನ್ನು ಕರೆತಂದು, "ಇವಳಿಗೆ ಸೆರೊಟೊನಿನ್ ಜಾಸ್ತಿಯಾಗುವ ಪೌಡರ್ ಏನಾದರೂ ಇದೆಯಾ ಡಾಕ್ಟ್ರೇ, ಪರೀಕ್ಷೆಗೆ ಹೆದರುತ್ತಾಳೆ" ಎಂದು ಕೇಳುವ ತಾಯಂದಿರು ಈಚೆಗೆ ಹೆಚ್ಚಿದ್ದಾರೆ.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನರವಿಜ್ಞಾನಿ ವಿದಿತಾ ವೈದ್ಯ ಅವರ ಪ್ರಯೋಗಾಲಯ ಈ ವಿಷಯದ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. 2022ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಬಂದದ್ದೂ ಇಂಥ ಕೆಲಸಕ್ಕೇ. ದೊಡ್ಡವರ ಆತಂಕವನ್ನು ತಗ್ಗಿಸುವ, ಹೀರಿಕೆಯ ಅದೇ ಬಾಗಿಲನ್ನು ಮುಚ್ಚುವ ಫ್ಲೂಕ್ಸೆಟಿನ್‌ಅನ್ನು ಇಲಿಮರಿಗಳಿಗೆ ಹುಟ್ಟಿದ 2ನೇ ದಿನದಿಂದ 21ನೇ ದಿನದವರೆಗೆ ಕೊಟ್ಟು ನಿಲ್ಲಿಸಿದರೆ, ಅವು ಬೆಳೆದ ಮೇಲೆ ಹೆಚ್ಚು ಆತಂಕದ ಇಲಿಗಳಾಗುತ್ತವೆ. ಅದೇ ಔಷಧ, ಅದೇ ಸೆರೊಟೊನಿನ್, ಫಲ ತಿರುವುಮುರುವು. ಔಷಧದ ಜೊತೆಗೇ 2ಎ ಮತ್ತು 2ಸಿ ಎಂಬ ಎರಡು ಗ್ರಾಹಕಗಳನ್ನು ತಡೆದರೆ ಈ ಆತಂಕ ತಲೆದೋರುವುದಿಲ್ಲವೆಂದು 2014ರಲ್ಲಿ ಅವರ ತಂಡ ತೋರಿಸಿತು. ಬೆಳೆಯುತ್ತಿರುವ ಮಿದುಳಿನಲ್ಲಿ ಸೆರೊಟೊನಿನ್ ಭಾವನೆಯ ಸಂದೇಶ ಒಯ್ಯುವುದಕ್ಕೂ ಮೊದಲು, ಯಾವ ತಂತು ಎಲ್ಲಿಗೆ ಹೋಗಿ ಸೇರಬೇಕೆಂಬ ಕಟ್ಟೋಣದ ಕೆಲಸದಲ್ಲಿ ಕೈಜೋಡಿಸಿರುತ್ತದೆ. ಗೋಡೆ ಏಳುತ್ತಿರುವಾಗ ಮೇಸ್ತ್ರಿಯ ಕೈಗೆ ಎರಡು ಪಟ್ಟು ಸಿಮೆಂಟ್ ಕೊಟ್ಟರೆ ಮನೆ ಎರಡು ಪಟ್ಟು ಗಟ್ಟಿಯಾಗುವುದಿಲ್ಲವಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇಲಿಮರಿಯ ಆ ದಿನಗಳನ್ನು ಮನುಷ್ಯರ ಬಸಿರಿನ ಇಂಥದೇ ತಿಂಗಳಿಗೆ ನೇರವಾಗಿ ಸರಿಹೊಂದಿಸಲು ಬರುವುದಿಲ್ಲ. ಗರ್ಭಿಣಿಯರು ಇದನ್ನು ಓದಿ ತಾವಾಗಿಯೇ ಗುಳಿಗೆ ಬಿಡಬಾರದು. ಚಿಕಿತ್ಸೆಯಿಲ್ಲದ ಖಿನ್ನತೆಯೂ ತಾಯಿ-ಮಗು ಇಬ್ಬರನ್ನೂ ಕಾಡುತ್ತದೆ, ತೂಗಿ ನೋಡುವ ಕೆಲಸವನ್ನು ನಿಮ್ಮ ವೈದ್ಯರೊಡನೆ ಕುಳಿತೇ ಮಾಡಬೇಕು. ಮಕ್ಕಳಿಗೂ ಈ ಗುಳಿಗೆಗಳನ್ನು ಅಗತ್ಯವಿದ್ದಾಗ ನಾವು ಕೊಡುತ್ತೇವೆ, ಕಣ್ಣಿಟ್ಟು ಕಾಯುತ್ತೇವೆ. ನಾನು ಬೇಡವೆನ್ನುವುದು ಪೌಡರನ್ನು.

ಇನ್ನು 'ಎಲ್ಲಿ' ಎಂಬ ಜಾಗದ ಮಾತಿಗೆ ನಮ್ಮ ಬೆಂಗಳೂರಿನದೇ ಉದಾಹರಣೆಯಿದೆ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗದಂತೆ ಕಟ್ಟಿಹಾಕಿ ಒತ್ತಡಕ್ಕೆ ಒಳಪಡಿಸಿದಾಗ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಮುದುಡಿದವು, ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಅವು ಇನ್ನಷ್ಟು ಹರಡಿಕೊಂಡವು. ಇದು ಪ್ರಕಟವಾದದ್ದು 2002ರಲ್ಲಿ. ಒಂದೇ ಇಲಿ, ಒಂದೇ ಒತ್ತಡ. ಒಂದು ಮೂಲೆಯಲ್ಲಿ ಕುಗ್ಗಿದ್ದು ಇನ್ನೊಂದು ಮೂಲೆಯಲ್ಲಿ ಹಿಗ್ಗಿತು. ತೋಳಿನಿಂದ ತೆಗೆದ ಐದು ಮಿಲಿಲೀಟರ್ ರಕ್ತ ಇದರಲ್ಲಿ ಯಾವುದನ್ನು ಹೇಳೀತು?

ಹಿರಿಯರಿಗೆ ಇಷ್ಟನ್ನೂ ಹೇಳಿದೆನೆಂದಲ್ಲ. ಗುಳಿಗೆಯನ್ನು ಅಂದೇ ಮತ್ತೆ ಶುರುಮಾಡಿಸಿ, ನಿಲ್ಲಿಸುವ ದಿನ ಬಂದಾಗ ನಿಧಾನವಾಗಿ ಇಳಿಸುವುದು ನನ್ನ ಹೊಣೆಯೆಂದು ಭರವಸೆ ಕೊಟ್ಟು, ಲೆಕ್ಕವಿಲ್ಲದೆ ಅವರಿಗೆ ಸಮಾಧಾನವಾಗದೆಂದು ಗೊತ್ತಿದ್ದರಿಂದ ಒಂದು ಲೆಕ್ಕದ ಕೆಲಸವನ್ನೂ ಒಪ್ಪಿಸಿದೆ: ಮಗ ಎಷ್ಟು ಹೊತ್ತು ಮಲಗಿದ, ಏನು ಉಂಡ, ಯಾರೊಡನೆ ಮಾತಾಡಿದ, ದಿನವೂ ಬರೆಯಿರಿ. ಮುಂದಿನ ತಿಂಗಳು ಅವರು ತಂದದ್ದು ಕೆಂಪು ರಟ್ಟಿನ ಉದ್ದನೆಯ ಲೆಡ್ಜರ್. ಮೊದಲೆರಡು ವಾರ ಬರೀ ಗಂಟೆಗಳ ಲೆಕ್ಕ, ಇಡ್ಲಿಯ ಲೆಕ್ಕ. ಮೂರನೆಯ ವಾರದ ಒಂದು ಸಾಲಿನ ಕೆಳಗೆ ಅಡಿಗೆರೆ ಎಳೆದಿದ್ದರು: "ಗುರುವಾರ, ಬೆಳಿಗ್ಗೆ 7-10. ತಾನಾಗಿ ಎದ್ದು ಅಮ್ಮನ ಹತ್ತಿರ ಕಾಫಿ ಕೇಳಿದ."