ಪ್ರಿವ್ಯೂನಲ್ಲಿ ಇದ್ದ ಪಟ್ಟಿ ಪಿಡಿಎಫ್‌ನಲ್ಲಿ ಎಲ್ಲಿ ಹೋಯಿತು?

ಪ್ರಶ್ನೆ: "ಸರ್, ನಮ್ಮೂರಿನ ಆಲೆಮನೆಗಳ ಬಗ್ಗೆ ಒಂದು ಪುಟ್ಟ ಪುಸ್ತಕ ಬರೀತಿದ್ದೀನಿ. ನೀವು ಹೇಳ್ಕೊಟ್ಟ ಹಾಗೇ ಮಾರ್ಕ್‌ಡೌನ್‌ನಲ್ಲೇ ಬರೆದೆ. ಎಡಿಟರ್‌ನ ಪ್ರಿವ್ಯೂನಲ್ಲಿ ಪಟ್ಟಿಗಳೆಲ್ಲ ಚೆನ್ನಾಗೇ ಕಾಣ್ತಿದ್ವು. ಪ್ಯಾನ್‌ಡಾಕ್‌ನಲ್ಲಿ ಪಿಡಿಎಫ್ ಮಾಡಿದ್ರೆ ಎಲ್ಲ ಒಂದೇ ಪ್ಯಾರಾದಲ್ಲಿ ಸೇರ್ಕೊಂಡಿವೆ. ಪ್ಯಾನ್‌ಡಾಕ್‌ನಲ್ಲೇ ಏನಾದ್ರೂ ತೊಂದ್ರೆನಾ?" (ಮಂಡ್ಯದ ಓದುಗರೊಬ್ಬರು)

ಉತ್ತರ: ಮಾರ್ಕ್‌ಡೌನ್‌ನಲ್ಲಿ (ಸಾದಾ ಪಠ್ಯದಲ್ಲೇ ಚಿಹ್ನೆ ಹಾಕಿ ಪಟ್ಟಿ, ಬೋಲ್ಡ್ ಎಂದು ಸೂಚಿಸುವ ಪದ್ಧತಿಯಲ್ಲಿ) ಬರೆದದ್ದನ್ನು ಬೇರೆ ರೂಪಕ್ಕೆ ಪರಿವರ್ತಿಸುವ ಪ್ರೋಗ್ರಾಂ ಪ್ಯಾನ್‌ಡಾಕ್. ಅದು ಸರಿಯಾಗಿಯೇ ಇದೆ. ಪಟ್ಟಿಯ ಮೊದಲ ಸಾಲಿಗೂ ಅದರ ಮೇಲಿನ ವಾಕ್ಯಕ್ಕೂ ನಡುವೆ ಒಂದು ಖಾಲಿ ಸಾಲು ಬಿಡಿ. ಮತ್ತೆ ಪಿಡಿಎಫ್ ತೆಗೆಯಿರಿ, ಪಟ್ಟಿ ಪಟ್ಟಿಯಾಗಿಯೇ ಬರುತ್ತದೆ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇದೆ. ಒಬ್ಬರಿಗೆ ಪಟ್ಟಿ ಕೂಡಿಕೊಂಡಿತು, ಇನ್ನೊಬ್ಬರಿಗೆ ಬೋಲ್ಡ್ ಬರಲಿಲ್ಲ, ಮತ್ತೊಬ್ಬರಿಗೆ ಕನ್ನಡ ಇದ್ದ ಜಾಗವೆಲ್ಲ ಖಾಲಿ. ಪ್ರತಿಯೊಬ್ಬರೂ ಕೊನೆಗೆ ಸೇರಿಸುವ ಮಾತು ಮಾತ್ರ ಒಂದೇ: "ಪ್ರಿವ್ಯೂನಲ್ಲಿ ಸರಿಯಾಗಿತ್ತು." ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಕೊಡುವುದೆಂದು ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಫೈಲಿನಲ್ಲಿ ಇದ್ದದ್ದು ಹೀಗೆ:

```
ಆಲೆಮನೆಗೆ ಬೇಕಾದ ಸಾಮಾನು:
- ಗಾಣ
- ಕೊಪ್ಪರಿಗೆ
- ಬೆಲ್ಲದ ಅಚ್ಚು
```

ಪ್ರಿವ್ಯೂ ಇದನ್ನು ಒಂದು ವಾಕ್ಯ ಮತ್ತು ಅದರ ಕೆಳಗೆ ಮೂರು ಚುಕ್ಕೆಗಳ ಪಟ್ಟಿ ಎಂದು ಓದಿತು. ಪ್ಯಾನ್‌ಡಾಕ್ ಇದನ್ನೇ ನಾಲ್ಕು ಸಾಲಿನ ಒಂದು ಪ್ಯಾರಾ ಎಂದು ಓದಿ, "ಆಲೆಮನೆಗೆ ಬೇಕಾದ ಸಾಮಾನು: - ಗಾಣ - ಕೊಪ್ಪರಿಗೆ - ಬೆಲ್ಲದ ಅಚ್ಚು" ಎಂದು ಉದ್ದಕ್ಕೆ ಬರೆದಿಟ್ಟಿತು. ತಪ್ಪು ಮಾಡಿದ್ದು ಯಾರು ಎಂದರೆ, ಇಬ್ಬರೂ ಅಲ್ಲ. ಇಬ್ಬರೂ ತಮ್ಮ ತಮ್ಮ ನಿಯಮದಂತೆಯೇ ನಡೆದುಕೊಂಡಿದ್ದಾರೆ. ಪ್ಯಾನ್‌ಡಾಕ್‌ನ ಸ್ವಂತ ಮಾರ್ಕ್‌ಡೌನ್‌ನಲ್ಲಿ ಪಟ್ಟಿಗೆ ಮುಂಚೆ ಖಾಲಿ ಸಾಲು ಇರಲೇಬೇಕು. ನಿಮ್ಮ ಎಡಿಟರ್ ಅನುಸರಿಸುವ ಕಾಮನ್‌ಮಾರ್ಕ್ ನಿಯಮದಲ್ಲಿ ಬೇಕಿಲ್ಲ.

ಎರಡು ನಿಯಮ ಯಾಕೆ ಬಂದವು ಅಂದರೆ, ಜಾನ್ ಗ್ರೂಬರ್ 2004ರಲ್ಲಿ ಮಾರ್ಕ್‌ಡೌನ್ ಹೊರತಂದಾಗ ಅದರ ಜೊತೆ ಇದ್ದದ್ದು ಒಂದು ವಿವರಣೆ ಮತ್ತು ಪರ್ಲ್ ಭಾಷೆಯ ಒಂದು ಸ್ಕ್ರಿಪ್ಟ್, ಅಷ್ಟೇ. ವಿವರಣೆ ಹೇಳದೆ ಬಿಟ್ಟ ಸಂಗತಿಗಳು ಬಹಳ ಇದ್ದವು. ಆಮೇಲೆ ಬಂದವರೆಲ್ಲ ಆ ಜಾಗಗಳನ್ನು ತಮಗೆ ತೋಚಿದಂತೆ ತುಂಬಿಕೊಂಡರು. ಅವಕ್ಕೆಲ್ಲ ಒಂದೇ ಖಚಿತ ನಿಯಮ ಕೊಡಲು 2014ರಲ್ಲಿ ಕಾಮನ್‌ಮಾರ್ಕ್ ಬಂತು. ಅದನ್ನು ಬರೆದವರಲ್ಲಿ ಮುಖ್ಯರಾದ ಜಾನ್ ಮ್ಯಾಕ್‌ಫಾರ್ಲೇನ್ ಅವರೇ ಪ್ಯಾನ್‌ಡಾಕ್‌ನ ಕರ್ತೃ ಕೂಡ. ಆ ನಿಯಮಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದದ್ದು, ಅದರ 600ಕ್ಕೂ ಹೆಚ್ಚು ಉದಾಹರಣೆಗಳು. "ಇಂಥದ್ದನ್ನು ಬರೆದರೆ ಇಂಥದ್ದೇ ಬರಬೇಕು" ಎಂದು ಪ್ರತಿಯೊಂದರಲ್ಲೂ ಎರಡೂ ಕಡೆ ಕೊಟ್ಟಿದ್ದಾರೆ. ನಿಯಮವೇ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಆಗಿದೆ, ಉತ್ತರಪತ್ರಿಕೆಯೂ ಆಗಿದೆ.

ಈಗ ಆ ಹಠಮಾರಿ ನಂಬಿಕೆಗೆ ಬರುತ್ತೇನೆ. ಪ್ರಿವ್ಯೂ ಅಂದರೆ ನಿಮ್ಮ ಫೈಲಿನ ನಿಜರೂಪ ಅಲ್ಲ. ಅದು ಇನ್ನೊಂದು ಪರಿವರ್ತಕ ತೆಗೆದ ಇನ್ನೊಂದು ಪ್ರತಿ. ಅಲ್ಲಿ ಸರಿಯಾಗಿ ಬಂದರೆ ಆ ಪರಿವರ್ತಕದ ಮಟ್ಟಿಗೆ ಸರಿ ಬಂತು ಎಂದಷ್ಟೇ ಅರ್ಥ. ಒಂದೇ ಹಿಟ್ಟನ್ನು ಕಾವಲಿ ಮೇಲೆ ಹುಯ್ದು ನೋಡಿ, ಇಡ್ಲಿಯೂ ಚೆನ್ನಾಗಿ ಬರುತ್ತದೆ ಎಂದು ಹೇಳಲು ಆಗುತ್ತದೆಯೇ?

ಪರಿವರ್ತನೆಯಲ್ಲಿ ಎರಡು ಹಂತ ಇರುತ್ತದೆ. ಮೊದಲು ಓದುವುದು: ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದು ಗುರುತಿಸುವುದು. ಆಮೇಲೆ ಬರೆಯುವುದು: ಗುರುತಿಸಿದ್ದನ್ನು ಪಿಡಿಎಫ್‌ಗೋ ವರ್ಡ್‌ಗೋ ಎಚ್‌ಟಿಎಂಎಲ್‌ಗೋ ಇಳಿಸುವುದು. ಪ್ರಿವ್ಯೂ ಈ ಎರಡು ಹಂತದಲ್ಲೂ ನಿಮ್ಮ ಪಿಡಿಎಫ್‌ಗಿಂತ ಬೇರೆ ದಾರಿ ಹಿಡಿಯುತ್ತದೆ. ನಿಮ್ಮ ಪಟ್ಟಿ ಎಡವಿದ್ದು ಓದುವ ಹಂತದಲ್ಲಿ. ಅನುಮಾನ ಬಂದರೆ ಪ್ಯಾನ್‌ಡಾಕ್‌ಗೆ ಪಿಡಿಎಫ್ ಬದಲು "ನೇಟಿವ್" ರೂಪ ಕೊಡು ಎಂದು ಹೇಳಿ. ತಾನು ಏನೆಂದು ಓದಿಕೊಂಡೆ ಎಂಬುದನ್ನು ಅದು ಬಿಚ್ಚಿ ತೋರಿಸುತ್ತದೆ. ಅಲ್ಲಿ "ಬುಲೆಟ್‌ಲಿಸ್ಟ್" ಎಂದು ಇದ್ದರೆ ಓದಿದ್ದು ಸರಿ, ತೊಂದರೆ ಮುಂದಿನ ಹಂತದಲ್ಲಿದೆ. ಬರೀ "ಪ್ಯಾರಾ" ಎಂದು ಇದ್ದರೆ ಫಾಂಟ್, ಮಾರ್ಜಿನ್ ಎಂದು ಹುಡುಕುತ್ತ ಕೂರಬೇಡಿ, ನೀವು ಬರೆದ ಸಾಲನ್ನೇ ನೋಡಿ. ಗಂಟೆಗಟ್ಟಲೆ ಒದ್ದಾಡುವುದನ್ನು ಇದೊಂದು ತಪ್ಪಿಸುತ್ತದೆ.

ಬರೆಯುವ ಹಂತದ ತೊಂದರೆ ಎಂದರೆ, ಕನ್ನಡ ಇರಬೇಕಾದಲ್ಲಿ ಬರುವ ಆ ಖಾಲಿ ಜಾಗಗಳದ್ದು. ಪ್ರಿವ್ಯೂ ನಡೆಯುವುದು ಬ್ರೌಸರ್‌ನಂಥ ಕಡೆ. ಆಯ್ದ ಫಾಂಟಿನಲ್ಲಿ ಕನ್ನಡ ಇಲ್ಲದಿದ್ದರೆ ಬ್ರೌಸರ್ ಸದ್ದಿಲ್ಲದೆ ಕಂಪ್ಯೂಟರಿನಲ್ಲಿರುವ ಬೇರೆ ಫಾಂಟಿನಿಂದ ಅಕ್ಷರ ಎರವಲು ತರುತ್ತದೆ. ಅದಕ್ಕೇ ಅಲ್ಲಿ ಎಲ್ಲ ಸರಿ ಕಾಣುವುದು. ಪಿಡಿಎಫ್ ಕಟ್ಟಲು ಪ್ಯಾನ್‌ಡಾಕ್ ತಾನಾಗಿ ಕರೆಯುವ ಪಿಡಿಎಫ್‌ಲೇಟೆಕ್ ಎಂಬ ಪ್ರೋಗ್ರಾಂ, ಕನ್ನಡ ಅಕ್ಷರ ಕಂಡರೆ ದೋಷ ತೋರಿಸಿ ನಿಂತುಬಿಡುತ್ತದೆ. ಅದೇ ಜಾತಿಯ ಝೀಲೇಟೆಕ್‌ಗೆ ಬದಲಿಸಿದರೆ ನಿಲ್ಲುವುದಿಲ್ಲ. ಆದರೆ ಫಾಂಟ್ ಹೆಸರಿಸದಿದ್ದರೆ ಕನ್ನಡದ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ನೋಟೊ ಸೆರಿಫ್ ಕನ್ನಡದಂಥ ಫಾಂಟ್ ಕೊಡಿ, ಜೊತೆಗೆ ಫಾಂಟ್ ಆಯ್ಕೆಗಳಲ್ಲಿ ಲಿಪಿ ಕನ್ನಡ ಎಂದೂ ಹೇಳಿ. ಎರಡನೆಯದನ್ನು ಮರೆತರೆ ಅಕ್ಷರ ಬರುತ್ತದೆ, ಒತ್ತು ಕೆಳಗೆ ಕೂರುವುದಿಲ್ಲ.

ಇನ್ನು ಇಂಗ್ಲಿಷ್ ಕೈಪಿಡಿಗಳು ಎಚ್ಚರಿಸದ ಒಂದು ಸಂಗತಿ ಇದೆ. ನಮ್ಮ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ. `_ಕೊಪ್ಪರಿಗೆ_ಯಲ್ಲಿ` ಎಂದು ಬರೆದರೆ ಪದ ಓರೆಯಾಗುವುದಿಲ್ಲ, ಅಂಡರ್‌ಸ್ಕೋರ್‌ಗಳೇ ಅಚ್ಚಾಗಿ ನಿಲ್ಲುತ್ತವೆ. ಯಾಕೆಂದರೆ ಪದದ ಮಧ್ಯೆ ಬಂದ ಅಂಡರ್‌ಸ್ಕೋರ್ ಅನ್ನು ಗುರುತೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. `*ಕೊಪ್ಪರಿಗೆ*ಯಲ್ಲಿ` ಎಂದು ಸ್ಟಾರ್ ಹಾಕಿದರೆ ಸರಿ. ಸ್ಟಾರ್ ಕೂಡ ಒಂದು ಕಡೆ ಕೈಕೊಡುತ್ತದೆ: `**"ಮೈಸೂರು ಪಾಕ್"**ನ ರುಚಿ`. ಉದ್ಧರಣ ಚಿಹ್ನೆ ಆದ ತಕ್ಷಣ ಸ್ಟಾರ್ ಬಂದು, ಅದರ ಬೆನ್ನಿಗೇ ಅಕ್ಷರ ಬಂದರೆ ಕಾಮನ್‌ಮಾರ್ಕ್ ಅದನ್ನು ಮುಕ್ತಾಯದ ಗುರುತೆಂದು ಒಪ್ಪುವುದಿಲ್ಲ. ಪ್ಯಾನ್‌ಡಾಕ್ ಒಪ್ಪುತ್ತದೆ. ಅಂದರೆ ಇಲ್ಲಿ ಪ್ರಿವ್ಯೂ ಕೆಟ್ಟು ಪಿಡಿಎಫ್ ಚೆನ್ನಾಗಿರುತ್ತದೆ! ಪ್ರಿವ್ಯೂ ನಂಬಿದವರು ಸರಿಯಿದ್ದದ್ದನ್ನೂ ತಿದ್ದಲು ಹೊರಡುತ್ತಾರೆ. ಉದ್ಧರಣ ಚಿಹ್ನೆಯನ್ನು ಸ್ಟಾರ್‌ಗಳ ಹೊರಗಿಟ್ಟು `"**ಮೈಸೂರು ಪಾಕ್**"ನ` ಎಂದು ಬರೆದರೆ ಎರಡೂ ಕಡೆ ಬೋಲ್ಡ್ ಬರುತ್ತದೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಪುಸ್ತಕ ಶುರುಮಾಡುವ ಮುಂಚೆ ಒಂದೇ ಪುಟದ ಪರೀಕ್ಷೆ ಫೈಲ್ ಮಾಡಿಕೊಳ್ಳಿ. ಪುಸ್ತಕದಲ್ಲಿ ಬರುವ ಪ್ರತಿಯೊಂದು ಬಗೆಯೂ ಅದರಲ್ಲಿ ಒಂದೊಂದು ಸಲ ಇರಲಿ: ಶೀರ್ಷಿಕೆ, ಪಟ್ಟಿಯೊಳಗೆ ಪಟ್ಟಿ, ಕೋಷ್ಟಕ, ಅಡಿಟಿಪ್ಪಣಿ, ಪ್ರತ್ಯಯ ಅಂಟಿದ ಬೋಲ್ಡ್ ಪದ, "ಕಾರ್ಯಕ್ಷೇತ್ರ"ದಂಥ ಒತ್ತಕ್ಷರ, "ರ‍್ಯಾಂಕ್"ನಂಥ ಪೀಡೆ. ಕೊನೆಗೆ ಯಾವ ರೂಪದಲ್ಲಿ ಅಚ್ಚಿಗೆ ಹೋಗುತ್ತದೋ ಅದೇ ರೂಪಕ್ಕೆ ಪರಿವರ್ತಿಸಿ, ಕಾಗದದ ಮೇಲೆ ಪ್ರಿಂಟ್ ತೆಗೆದು ನೋಡಿ. ಜೊತೆಗೆ ಅದರ ಎಚ್‌ಟಿಎಂಎಲ್ ಪ್ರತಿಯೊಂದನ್ನು ತೆಗೆದಿಡಿ. ಪ್ಯಾನ್‌ಡಾಕ್ ಅಪ್‌ಡೇಟ್ ಆದಾಗಲೆಲ್ಲ ಹೊಸ ಪ್ರತಿ ತೆಗೆದು ಹಳೆಯದರ ಜೊತೆ ಡಿಫ್ ಮಾಡಿದರೆ (ಎರಡನ್ನೂ ಹೋಲಿಸಿ ವ್ಯತ್ಯಾಸ ತೋರಿಸುವ ಉಪಕರಣಕ್ಕೆ ಕೊಟ್ಟರೆ), ಓದುವ ರೀತಿ ಎಲ್ಲಿ ಬದಲಾಯಿತು ಎಂದು ಸಾಲು ಸಮೇತ ಗೊತ್ತಾಗುತ್ತದೆ.

ಚೆನ್ನಾಗಿ ಕಂಡದ್ದೆಲ್ಲ ಸರಿಯಲ್ಲ ಎಂಬುದಕ್ಕೆ ಒಂದು ಸಂಗತಿ ಹೇಳಲೇಬೇಕು. ಪಾಂಡವಪುರ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಸರಸ್ವತೀಪುರಂನ ನಮ್ಮ ಮನೆಗೆ ತಮ್ಮ ಸೀಮೆಯ ಇತಿಹಾಸದ ಕರಡು ತಂದಿದ್ದರು. ಅಂದವಾಗಿ ಪ್ರಿಂಟ್ ಆಗಿತ್ತು. ಓದುತ್ತಾ ಹೋದವನು ಒಂದು ಕಡೆ ನಿಂತೆ.

"ಮೇಷ್ಟ್ರೇ, ಮಂಡ್ಯದ ಸಕ್ಕರೆ ಕಾರ್ಖಾನೆ 1912 ಅಂತಿದೆಯಲ್ಲ?"

"ಅದ್ಹೆಂಗಪ್ಪ? ನಾನು 1933 ಅಂತಲೇ ಬರ್ದಿರೋದು" ಎಂದು ಲ್ಯಾಪ್‌ಟಾಪ್ ತೆರೆದರು. ಅವರ ಫೈಲಿನಲ್ಲಿ ಸರಿಯಾಗಿಯೇ ಇತ್ತು:

```
1911. ಕನ್ನಂಬಾಡಿ ಕಟ್ಟೆಯ ಕೆಲಸ ಶುರು.
1933. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ.
1939. ಮಂಡ್ಯ ಜಿಲ್ಲೆ ರಚನೆ.
```

ಸಾಲಿನ ಮೊದಲಲ್ಲಿ ಅಂಕಿ, ಚುಕ್ಕೆ, ಆಮೇಲೆ ಜಾಗ. ಮಾರ್ಕ್‌ಡೌನ್ ಕಣ್ಣಿಗೆ ಇದು ಕ್ರಮಸಂಖ್ಯೆಯ ಪಟ್ಟಿ. ಮೊದಲ ಅಂಕಿ 1911 ಎಂದು ಹಿಡಿದುಕೊಂಡು, ಮುಂದಿನವಕ್ಕೆ ತಾನೇ 1912, 1913 ಎಂದು ಎಣಿಸಿಕೊಂಡು ಹೋಗಿದೆ. ಗ್ರೂಬರ್ ಅವರ ಹಳೆಯ ಸ್ಕ್ರಿಪ್ಟ್ ಆಗಿದ್ದರೆ 1, 2, 3 ಎಂದು ಬಂದು ಮೇಷ್ಟ್ರು ಆವತ್ತೇ ಹಿಡಿದಿರುತ್ತಿದ್ದರು. ಪ್ರಿವ್ಯೂನಲ್ಲೂ ಹೀಗೇ ಬಂದಿತ್ತು, ಆದರೆ ಸಾಲಾಗಿ ಅಚ್ಚುಕಟ್ಟಾಗಿ ಇದ್ದದ್ದರಿಂದ ಅವರಿಗೆ ಅನುಮಾನ ಬಂದಿರಲಿಲ್ಲ. ಇಸವಿಯ ಮುಂದಿನ ಚುಕ್ಕೆಗೆ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಹಾಕಿ `1933\.` ಎಂದು ಬರೆದರೆ ಅದು ಪಟ್ಟಿಯಾಗುವುದಿಲ್ಲ. ಆಗ ಮೂರನ್ನೂ ಬೇರೆ ಬೇರೆ ಪ್ಯಾರಾ ಮಾಡಲು ನಡುನಡುವೆ ಖಾಲಿ ಸಾಲೂ ಬೇಕು.

ಮೇಷ್ಟ್ರು ಅಷ್ಟಕ್ಕೇ ಬಿಡಲಿಲ್ಲ. "ಕನ್ನಡ ಅಂಕಿಯಲ್ಲೇ ೧೯೩೩ ಅಂತ ಬರೆದ್ರೆ?" ಎಂದರು. ಒಳ್ಳೆಯ ಪ್ರಶ್ನೆ, ನಾನು ಬಹಳ ಖುಷಿಯಿಂದ ಉತ್ತರ ಹೇಳಿದೆ. ಕಾಮನ್‌ಮಾರ್ಕ್ ಪಟ್ಟಿಯ ಗುರುತೆಂದು ಒಪ್ಪುವುದು 0ರಿಂದ 9ರವರೆಗಿನ ಅಂಕಿಗಳನ್ನು ಮಾತ್ರ. ಹಾಗಾಗಿ ೧೯೩೩ ಎಂದು ಬರೆದರೆ ಇಸವಿ ಕೆಡುವುದಿಲ್ಲ. ಅದೇ ಕಾರಣಕ್ಕೆ ನಿಜವಾದ ಪಟ್ಟಿಗೆ ೧. ೨. ೩. ಎಂದು ಬರೆದರೆ ಪಟ್ಟಿಯೂ ಆಗುವುದಿಲ್ಲ, ಎಲ್ಲ ಒಂದೇ ಪ್ಯಾರಾದಲ್ಲಿ ಕೂಡಿಕೊಳ್ಳುತ್ತದೆ. ಫೈಲಿನಲ್ಲಿ 1. 2. 3. ಎಂದೇ ಬರೆಯಿರಿ. ಎಚ್‌ಟಿಎಂಎಲ್ ಆದರೆ, ಪುಟ ಹೇಗೆ ಕಾಣಬೇಕೆಂದು ಹೇಳುವ ಸಿಎಸ್‌ಎಸ್‌ನಲ್ಲಿ ಪಟ್ಟಿಯ ಅಂಕಿ ಶೈಲಿಗೆ "ಕನ್ನಡ" ಎಂಬ ಆಯ್ಕೆ ಮೊದಲೇ ಇದೆ. ಅದನ್ನು ಕೊಟ್ಟರೆ ಓದುಗರಿಗೆ ೧, ೨, ೩ ಎಂದೇ ಕಾಣುತ್ತದೆ. ಪಿಡಿಎಫ್‌ಗೆ ಅದು ಅನ್ವಯಿಸುವುದಿಲ್ಲ, ಅಲ್ಲಿ ಲೇಟೆಕ್‌ನಲ್ಲಿ ಬೇರೆಯಾಗಿಯೇ ಹೇಳಬೇಕು. ಮೇಷ್ಟ್ರು ತಮ್ಮ ಪರೀಕ್ಷೆ ಫೈಲಿನ ಕೊನೆಗೆ ಇಸವಿಯಿಂದ ಶುರುವಾಗುವ ಸಾಲು, ಕನ್ನಡ ಅಂಕಿಯ ಸಾಲು ಎರಡನ್ನೂ ಸೇರಿಸಿಕೊಂಡು ಹೋದರು.