‘ಪ್ರಬಲ’ ಜೀನ್: ಯಾರೆದುರು ಪ್ರಬಲ?

ಮಗುವಿನ ಫೋಟೋ ಹಾಕಿ ಕೆಳಗೆ ‘ಅಪ್ಪನ ಜೀನ್ ಪ್ರಬಲ’ ಅಂತ ಬರೆಯುವುದು ಈಗ ಮಾಮೂಲು. ತಮಾಷೆಗೆ ಬರೆದಿದ್ದರೆ ಬಿಟ್ಟುಬಿಡಬಹುದು. ಆದರೆ ಅದೇ ಅರ್ಥ ಹೊತ್ತುಕೊಂಡು ಈ ಪದ ಆರೋಗ್ಯದ ಲೇಖನಗಳಲ್ಲಿ, ಪರೀಕ್ಷೆಗೆ ಓದುವವರ ನೋಟ್ಸ್‌ಗಳಲ್ಲಿ ಕೂಡ ಓಡಾಡುತ್ತಿದೆ. ಮೊನ್ನೆ ಒಂದು ಕಡೆ ‘ಪ್ರಬಲ ಜೀನ್‌ಗಳು ದುರ್ಬಲ ಜೀನ್‌ಗಳನ್ನು ನಿಧಾನವಾಗಿ ಅಳಿಸಿಹಾಕುತ್ತವೆ, ಆದ್ದರಿಂದ ಮುಂದೆ ನೀಲಿ ಕಣ್ಣಿನವರೇ ಇರುವುದಿಲ್ಲ’ ಎಂದು ಓದಿದೆ. ಇನ್ನು ಸುಮ್ನಿರಲು ಆಗಲಿಲ್ಲ.

ನೇರ ವಿಷಯಕ್ಕೆ ಬರುತ್ತೇನೆ. ತಂದೆತಾಯಿಯಿಂದ ಮಕ್ಕಳಿಗೆ ದಾಟುವ, ಡಿಎನ್‌ಎಯಲ್ಲಿ ಬರೆದಿರುವ ಒಂದು ಸೂಚನೆ ಜೀನ್. ಪ್ರತಿ ಜೀನಿಗೂ ಸಾಮಾನ್ಯವಾಗಿ ಎರಡು ಪ್ರತಿ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದೇ ಜೀನಿನ ಬೇರೆ ಬೇರೆ ರೂಪಗಳೇ ಆಲೀಲ್‌ಗಳು. ಒಂದೇ ಜೀನಿನ ಎರಡು ಬೇರೆ ಆಲೀಲ್‌ಗಳು ಒಂದು ಜೀವಿಯಲ್ಲಿ ಜೊತೆಯಾಗಿವೆ. ನಾವು ಒಂದು ಲಕ್ಷಣವನ್ನು ನೋಡುತ್ತಿದ್ದೇವೆ. ಆ ಲಕ್ಷಣದಲ್ಲಿ ಯಾವ ಆಲೀಲ್ ಕಾಣಿಸುತ್ತದೋ ಅದು ಇನ್ನೊಂದರೆದುರು ಪ್ರಬಲ. ಪದದ ಅರ್ಥ ಇಷ್ಟೇ. ಅದು ಎಷ್ಟು ಜನರಲ್ಲಿದೆ, ಒಳ್ಳೆಯದೋ ಕೆಟ್ಟದ್ದೋ, ಮಕ್ಕಳಿಗೆ ದಾಟುವ ಸಾಧ್ಯತೆ ಜಾಸ್ತಿಯೋ ಕಮ್ಮಿಯೋ, ಈ ಯಾವ ಪ್ರಶ್ನೆಗೂ ಇದರಲ್ಲಿ ಉತ್ತರ ಇಲ್ಲ. ಎರಡು ಬೇರೆ ಆಲೀಲ್ ಇರುವವರಿಂದ ಮಗುವಿಗೆ ಪ್ರಬಲವಾದದ್ದು ದಾಟುವ ಸಾಧ್ಯತೆ ಅರ್ಧ, ಇನ್ನೊಂದು ದಾಟುವ ಸಾಧ್ಯತೆಯೂ ಅರ್ಧ. ವೀರ್ಯಾಣು, ಅಂಡಾಣು ತಯಾರಾಗುವಾಗ ಪ್ರಬಲಕ್ಕೆ ಯಾವ ಮೀಸಲಾತಿಯೂ ಇಲ್ಲ.

ಗೊಂದಲದಲ್ಲಿ ಅರ್ಧ ಪಾಲು ಪದದ್ದೇ. ‘ಪ್ರಬಲ’ದಲ್ಲಿ ಬಲ ಕೂತಿದೆ, ‘ದುರ್ಬಲ’ದಲ್ಲಿ ಅದೇ ಬಲ ಉಡುಗಿದೆ. ಕೇಳಿದ ಕೂಡಲೇ ಇಬ್ಬರು ಜಟ್ಟಿಗಳು, ಒಬ್ಬ ಗೆದ್ದ, ಒಬ್ಬ ಬಿದ್ದ ಅನ್ನುವ ಚಿತ್ರ ಕಣ್ಣಿಗೆ ಬರುತ್ತದೆ. ಬಟಾಣಿ ಗಿಡಗಳ ಮೇಲೆ ಪ್ರಯೋಗ ಮಾಡಿ ಆನುವಂಶಿಕತೆಯ ನಿಯಮಗಳನ್ನು ಕಂಡುಕೊಂಡ ಮೆಂಡೆಲ್ ಬರೆದದ್ದು ಜರ್ಮನ್ ಭಾಷೆಯಲ್ಲಿ. ಅವರು ಬಳಸಿದ್ದು ‘ಡೊಮಿನೀರೆಂಡ’ ಮತ್ತು ‘ರೆಟ್ಸೆಸೀವ್’. ಎರಡರ ಬೇರೂ ಲ್ಯಾಟಿನ್. ಮೊದಲನೆಯದರಲ್ಲಿ ‘ದೊಮಿನುಸ್’ ಇದೆ, ಅಂದರೆ ಯಜಮಾನ. ಅದರ ಹಿಂದೆ ‘ದೊಮುಸ್’, ಅಂದರೆ ಮನೆ. ಯಜಮಾನಿಕೆಯ ವಾಸನೆ ಅಲ್ಲಿಂದಲೇ ಬಂದದ್ದು, ಒಪ್ಪೋಣ. ಆದರೆ ಎರಡನೆಯದರಲ್ಲಿ ಬಲದ ಮಾತೇ ಇಲ್ಲ. ಅದರ ಬೇರು ‘ರೆಕೇದೆರೆ’, ಹಿಂದಕ್ಕೆ ಸರಿಯುವುದು. ಈ ಪದವೇ ಯಾಕೆ ಅನ್ನುವುದನ್ನೂ ಮೆಂಡೆಲ್ ವಿವರಿಸಿದ್ದಾರೆ. ಎರಡು ತಳಿ ಕೂಡಿಸಿ ಪಡೆದ ಮಿಶ್ರತಳಿಯಲ್ಲಿ ಆ ಲಕ್ಷಣ ಹಿಂದೆ ಸರಿಯುತ್ತದೆ ಅಥವಾ ಪೂರ್ತಿ ಮರೆಯಾಗುತ್ತದೆ, ಆದರೆ ಅದರ ಸಂತತಿಯಲ್ಲಿ ಒಂದಿಷ್ಟೂ ಬದಲಾಗದೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸೋತು ಸುಣ್ಣವಾದದ್ದು ಹೀಗೆ ಮೊದಲಿನಂತೆಯೇ ವಾಪಸ್ ಬರುತ್ತದಾ? ‘ದುರ್ಬಲ’ ಎಂದು ಅನುವಾದಿಸಿದ್ದರಿಂದ ಈ ಮರಳಿ ಬರುವ ಅರ್ಥವೇ ಬಿದ್ದುಹೋಯಿತು. ‘ಅಪ್ರಭಾವಿ’ ಪರವಾಗಿಲ್ಲ, ‘ಸುಪ್ತ’ ಇನ್ನೂ ವಾಸಿ. ನನ್ನನ್ನು ಕೇಳಿದರೆ ‘ಮರೆಯ ಗುಣ’ ಅಂದಿದ್ದರೆ ಅರ್ಧ ಜಗಳವೇ ಇರುತ್ತಿರಲಿಲ್ಲ.

ಇನ್ನೊಂದನ್ನು ಗಮನಿಸಿ. ಮೆಂಡೆಲ್ ಪ್ರಬಲ ಎಂದದ್ದು ಲಕ್ಷಣವನ್ನು. ಜೀನ್ ಎಂಬ ಪದ ಹುಟ್ಟಿದ್ದೇ 1909ರಲ್ಲಿ, ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸನ್ ಅವರಿಂದ. ಅಷ್ಟು ಹೊತ್ತಿಗೆ ಮೆಂಡೆಲ್ ತೀರಿಕೊಂಡು 25 ವರ್ಷ ಆಗಿತ್ತು. ಲಕ್ಷಣಕ್ಕೆ ಇಟ್ಟ ಹೆಸರನ್ನು ಆಮೇಲೆ ಜೀನಿಗೆ ಅಂಟಿಸಿದರು. ತೊಂದರೆ ಶುರುವಾದದ್ದು ಅಲ್ಲಿ.

ಬಟಾಣಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ದುಂಡು ಕಾಳು, ಸುಕ್ಕು ಕಾಳು. ಮೆಂಡೆಲ್ 253 ಮಿಶ್ರತಳಿ ಗಿಡಗಳಿಂದ 7324 ಕಾಳು ಬಿಡಿಸಿದರು. 5474 ದುಂಡು, 1850 ಸುಕ್ಕು. ಎಲ್ಲರೂ ಇಲ್ಲಿ ಮೂರಕ್ಕೆ ಒಂದು ಅಂತ ಬಾಯಿಪಾಠ ಮಾಡಿ ಮುಂದೆ ಹೋಗುತ್ತಾರೆ. ಸುಕ್ಕು ಯಾಕೆ ಬಂತು ಅಂತ ಕೇಳುವವರು ಕಮ್ಮಿ. ಅದಕ್ಕೆ ಉತ್ತರ ಸಿಕ್ಕಿದ್ದು 1990ರಲ್ಲಿ. ಕಾಳಿನೊಳಗೆ ಪಿಷ್ಟದ ಸರಪಳಿಗೆ ಕವಲು ಮೂಡಿಸುವ ಒಂದು ಕಿಣ್ವ (ಎನ್‌ಜೈಮ್) ಇದೆ. ಸುಕ್ಕು ಆಲೀಲ್‌ನಲ್ಲಿ ಆ ಕಿಣ್ವದ ಜೀನಿನ ನಡುವೆ ಸುಮಾರು 800 ಅಕ್ಷರಗಳ ಒಂದು ಡಿಎನ್‌ಎ ತುಂಡು ಬಂದು ಸೇರಿಕೊಂಡಿದೆ. ಹಾಗಾಗಿ ಕೆಲಸಕ್ಕೆ ಬರುವ ಕಿಣ್ವ ತಯಾರಾಗುವುದಿಲ್ಲ. ಪಿಷ್ಟ ಆಗಬೇಕಿದ್ದ ಸಕ್ಕರೆ ಸಕ್ಕರೆಯಾಗಿಯೇ ಉಳಿಯುತ್ತದೆ. ಸಕ್ಕರೆ ನೀರು ಎಳೆದುಕೊಳ್ಳುತ್ತದೆ, ಎಳೆಯ ಕಾಳು ಉಬ್ಬುತ್ತದೆ. ಒಣಗುವಾಗ ಅಷ್ಟೂ ನೀರು ಹೋಗಿ ಸಿಪ್ಪೆ ಸಡಿಲವಾಗುತ್ತದೆ, ಸುಕ್ಕುಗಟ್ಟುತ್ತದೆ.

ಮಿಶ್ರತಳಿಯ ಕಾಳು ದುಂಡಗಿರುವುದು ಯಾಕೆ? ದುಂಡು ಆಲೀಲ್ ಸುಕ್ಕು ಆಲೀಲನ್ನು ತುಳಿದು ಕೂರಿಸಿದ್ದಕ್ಕಲ್ಲ. ಜೀನ್‌ಗಳನ್ನು ಹೊತ್ತ ಡಿಎನ್‌ಎ ಎಳೆಗಳೇ ಕ್ರೋಮೋಸೋಮ್‌ಗಳು. ಅವೆರಡೂ ಬೇರೆ ಬೇರೆ ಕ್ರೋಮೋಸೋಮ್‌ಗಳ ಮೇಲೆ ತಮ್ಮ ಪಾಡಿಗೆ ಇವೆ. ಒಂದು ಪ್ರತಿಯಿಂದ ಬರುವ ಕಿಣ್ವ ಕಾಳನ್ನು ದುಂಡಗಿಡಲು ಸಾಕಾಗುತ್ತದೆ, ಅಷ್ಟೇ. ಇನ್ನೊಂದು ಪ್ರತಿ ಮೊದಲೇ ಕೆಟ್ಟಿತ್ತು. ಅದನ್ನು ಯಾರೂ ಕೆಡಿಸಬೇಕಿರಲಿಲ್ಲ.

ಈಗ ಅದೇ ಕಾಳನ್ನು ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಡಿ. ದುಂಡು ತಳಿಯ ಪಿಷ್ಟದ ಕಣಗಳು ನುಣುಪಾಗಿ, ಉದ್ದುರುಟಾಗಿ ಇರುತ್ತವೆ. ಸುಕ್ಕು ತಳಿಯವು ಒಡೆದು ಹೋಳಾದಂತೆ ಇರುತ್ತವೆ. ಮಿಶ್ರತಳಿಯ ಕಣಗಳು ಇವೆರಡರ ಮಧ್ಯೆ. ಹೊರಗಿನಿಂದ ನೋಡಿದಾಗ ಪೂರ್ತಿ ಪ್ರಬಲ, ಒಳಗೆ ನೋಡಿದಾಗ ಅರೆಬರೆ ಪ್ರಬಲ. ಕಾಳು ಅದೇ, ಆಲೀಲ್ ಅವೇ. ಬದಲಾದದ್ದು ನಾವು ನೋಡಿದ ಲಕ್ಷಣ ಮಾತ್ರ. ಹಾಗಾದರೆ ‘ಈ ಜೀನ್ ಪ್ರಬಲ’ ಅನ್ನುವ ಮಾತಿಗೆ ಏನರ್ಥ? ಯಾರೆದುರು, ಯಾವ ಲಕ್ಷಣದಲ್ಲಿ ಅಂತ ಹೇಳದಿದ್ದರೆ ಏನೂ ಅರ್ಥವಿಲ್ಲ.

ಯಾರೆದುರು ಅನ್ನುವುದಕ್ಕೆ ರಕ್ತದ ಗುಂಪು ಒಳ್ಳೆಯ ಉದಾಹರಣೆ. ಎ ಆಲೀಲ್ ಒ ಎದುರು ಪ್ರಬಲ. ಬಿ ಎದುರು? ಅಲ್ಲ. ಎರಡೂ ಕೂಡಿದರೆ ಎಬಿ ಗುಂಪು, ಎರಡೂ ಸಮಾನವಾಗಿ ಕಾಣುತ್ತವೆ. ಎ ಮತ್ತು ಬಿ ಆಲೀಲ್‌ಗಳು ಕೆಂಪು ರಕ್ತಕಣದ ಮೇಲೆ ಒಂದೊಂದು ಬಗೆಯ ಸಕ್ಕರೆ ಅಂಟಿಸುವ ಕಿಣ್ವ ಮಾಡುತ್ತವೆ. ಸಾಮಾನ್ಯ ಒ ಆಲೀಲ್‌ನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿ ಮುಂದಿನ ಓದೆಲ್ಲ ತಪ್ಪಿದೆ, ಕಿಣ್ವ ಕೆಲಸ ಮಾಡುವುದಿಲ್ಲ. ಒ ಮರೆಯಲ್ಲಿ ಉಳಿಯುವುದಕ್ಕೆ ಕಾರಣ ಅದು. ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ಜನರಿಗಿರುವ ಗುಂಪು ಒ. ‘ಪ್ರಬಲ ಅಂದರೆ ಜಾಸ್ತಿ ಜನರಲ್ಲಿ ಇರುವುದು’ ಎನ್ನುವವರು ಇದನ್ನು ಎಲ್ಲಿ ಇಡುತ್ತಾರೋ ಗೊತ್ತಿಲ್ಲ. ಹಾಲು ಜೀರ್ಣವಾಗುವ ವಿಷಯವೂ ಹೀಗೇ. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆಯನ್ನು ಒಡೆಯುವ ಗುಣ ಪ್ರಬಲ, ಆದರೆ ಜಗತ್ತಿನ ಬಹುಪಾಲು ವಯಸ್ಕರಿಗೆ ಆ ಶಕ್ತಿ ಕುಗ್ಗಿರುತ್ತದೆ. ಮಿದುಳಿನ ನರಗಳನ್ನು ಹಾಳುಮಾಡುವ ಹಂಟಿಂಗ್ಟನ್ ಕಾಯಿಲೆಯೂ ಪ್ರಬಲವೇ, ಬರುವುದು ಲಕ್ಷ ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ.

ಪ್ರಬಲವಾದದ್ದು ತಾನಾಗಿ ಹರಡುತ್ತದೆ ಅನ್ನುವ ತಪ್ಪಿಗೆ ವಯಸ್ಸು ನೂರು ದಾಟಿದೆ. 1908ರಲ್ಲಿ ಇಂಗ್ಲೆಂಡಿನಲ್ಲಿ ಗಿಡ್ಡ ಬೆರಳಿನ ವಿಷಯವಾಗಿ ಇದೇ ಚರ್ಚೆ ಎದ್ದಿತ್ತು. ಗಿಡ್ಡ ಬೆರಳು ಪ್ರಬಲ ಗುಣವಾದರೆ, ತಡೆಯುವಂಥದ್ದು ಏನೂ ಇಲ್ಲದಿದ್ದರೆ, ಕೊನೆಗೆ ನಾಲ್ವರಲ್ಲಿ ಮೂವರಿಗೆ ಗಿಡ್ಡ ಬೆರಳೇ ಇರಬೇಕಲ್ಲ ಎಂಬ ವಾದ. ತಳಿವಿಜ್ಞಾನಿ ಪುನೆಟ್ ಇದನ್ನು ಗಣಿತಜ್ಞ ಹಾರ್ಡಿ ಮುಂದಿಟ್ಟರು. ಹಾರ್ಡಿ ‘ಸೈನ್ಸ್’ ಪತ್ರಿಕೆಗೆ ಒಂದು ಸಣ್ಣ ಪತ್ರ ಬರೆದು ಮುಗಿಸಿದರು. ಇಷ್ಟು ಸರಳ ವಿಷಯ ಜೀವವಿಜ್ಞಾನಿಗಳಿಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ ಎಂಬ ಧಾಟಿ ಆ ಪತ್ರದ ಮೊದಲ ಸಾಲಿನಲ್ಲೇ ಇದೆ. ನಿಸರ್ಗದ ಆಯ್ಕೆ, ವಲಸೆ, ಜೀನಿನಲ್ಲಿ ಹೊಸ ಬದಲಾವಣೆ (ರೂಪಾಂತರ) ಏನೂ ಇಲ್ಲದ ದೊಡ್ಡ ಜನಸಮೂಹದಲ್ಲಿ, ಸಂಗಾತಿಗಳು ಯಾದೃಚ್ಛಿಕವಾಗಿ ಕೂಡಿದರೆ, ಆಲೀಲ್‌ಗಳ ಪ್ರಮಾಣ ಇದ್ದಲ್ಲೇ ಇರುತ್ತದೆ. ಪ್ರಬಲವಾದದ್ದು ಏರುವುದಿಲ್ಲ, ಇನ್ನೊಂದು ಇಳಿಯುವುದಿಲ್ಲ. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ಸ್ವತಂತ್ರವಾಗಿ ಇದನ್ನೇ ಹೇಳಿದ್ದರು. ಮೂರಕ್ಕೆ ಒಂದು ಅನ್ನುವುದು ತಲಾ ಎರಡು ಬೇರೆ ಆಲೀಲ್ ಇರುವ ತಂದೆತಾಯಿಯ ಮಕ್ಕಳ ಲೆಕ್ಕ. ಅದನ್ನು ಇಡೀ ಜನಸಂಖ್ಯೆಗೆ ಹಚ್ಚಿದರೆ ನೀಲಿ ಕಣ್ಣು ಮಾಯವಾಗುವ ಭವಿಷ್ಯವಾಣಿ ಹುಟ್ಟುತ್ತದೆ.

ಯಾವ ಲಕ್ಷಣದಲ್ಲಿ ಅನ್ನುವುದಕ್ಕೆ, ಕೆಂಪು ರಕ್ತಕಣವನ್ನು ಕುಡಗೋಲಿನಂತೆ ಬಾಗಿಸುವ ಕುಡಗೋಲು ಕಣದ ಆಲೀಲ್‌ಗಿಂತ ಒಳ್ಳೆಯ ಪಾಠ ಇಲ್ಲ. ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯಲ್ಲಿ ಆರನೆಯ ಜಾಗದ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಎಂಬ ಬೇರೆ ಅಮೈನೋ ಆಮ್ಲ ಬಂದಿದೆ, ವ್ಯತ್ಯಾಸ ಅಷ್ಟೇ. ತೀವ್ರ ರಕ್ತಹೀನತೆಯನ್ನು ನೋಡಿದರೆ ಈ ಆಲೀಲ್ ಸುಪ್ತ, ಎರಡು ಪ್ರತಿ ಇದ್ದವರಿಗೇ ಕಾಯಿಲೆ. ಒಂದೇ ಪ್ರತಿ ಇದ್ದವರ ರಕ್ತದಿಂದ ಆಮ್ಲಜನಕ ತೆಗೆದು ನೋಡಿದರೆ ಅವರ ಕಣಗಳೂ ಬಾಗುತ್ತವೆ. ಈಗ ಅದು ಸುಪ್ತ ಅನ್ನುವ ಹಾಗಿಲ್ಲ. ಇನ್ನು ಪ್ರೋಟೀನನ್ನೇ ನೋಡಿದರೆ? 1949ರಲ್ಲಿ ರಸಾಯನವಿಜ್ಞಾನಿ ಪೌಲಿಂಗ್ ಮತ್ತು ಜೊತೆಗಾರರು ವಿದ್ಯುತ್ ಕ್ಷೇತ್ರದಲ್ಲಿ ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸಿ ತೋರಿಸಿದರು: ಒಂದು ಪ್ರತಿ ಇದ್ದವರಲ್ಲಿ ಎರಡೂ ಬಗೆ ಇವೆ. ಅಂದರೆ ಎರಡೂ ಒಟ್ಟಿಗೆ ಕಾಣುವ ಸಹಪ್ರಬಲ. ತೀವ್ರ ಮಲೇರಿಯಾದಿಂದ ರಕ್ಷಣೆ ಕೊಡುವುದಕ್ಕೂ ಒಂದೇ ಪ್ರತಿ ಸಾಕು. ಒಂದೇ ಆಲೀಲ್, ಪ್ರಶ್ನೆ ಬದಲಾದ ಹಾಗೆ ಉತ್ತರವೂ ಬೇರೆ. ‘ಇದು ಪ್ರಬಲವೋ ದುರ್ಬಲವೋ, ಒಂದು ಪದದಲ್ಲಿ ಉತ್ತರಿಸಿ’ ಅಂತ ಪ್ರಶ್ನೆಪತ್ರಿಕೆ ಕೇಳಿದರೆ ತಪ್ಪು ಪ್ರಶ್ನೆಪತ್ರಿಕೆಯದು.

ಹಾಗಾದರೆ ಪ್ರಬಲ ಅಂದರೆ ಯಾವಾಗಲೂ ‘ಕೆಲಸ ಮಾಡುವ ಪ್ರತಿ’ ಅಂತಲೋ? ಹಾಗೂ ಇಲ್ಲ. ಕಿಣ್ವಗಳ ವಿಷಯದಲ್ಲಿ ಬಹುತೇಕ ಹೌದು, ಅರ್ಧ ಪ್ರಮಾಣವಿದ್ದರೂ ಸಾಕಾಗುತ್ತದೆ. ಆದರೆ ಕೊಲ್ಲಾಜೆನ್ ಎಂಬ ಪ್ರೋಟೀನ್ ತೆಗೆದುಕೊಳ್ಳಿ. ಮೂಳೆಯಲ್ಲಿರುವ ಬಗೆಯ ಕೊಲ್ಲಾಜೆನ್ ಮೂರು ಎಳೆ ಹೊಸೆದ ಹುರಿ. ಅದರಲ್ಲಿ ಎರಡು ಎಳೆ ಒಂದೇ ಜೀನಿನಿಂದ ಬರುತ್ತವೆ. ಆ ಜೀನಿನ ಒಂದು ಪ್ರತಿ ಕೆಟ್ಟ ಎಳೆ ಮಾಡುತ್ತಿದೆ ಅಂದುಕೊಳ್ಳಿ. ಆ ಎರಡೂ ಎಳೆ ಒಳ್ಳೆಯದಾಗಿರುವ ಹುರಿ ನಾಲ್ಕರಲ್ಲಿ ಒಂದು ಮಾತ್ರ. ಉಳಿದ ಮೂರರಲ್ಲಿ ಕೆಟ್ಟ ಎಳೆ ಸೇರಿರುತ್ತದೆ. ಮೂಳೆ ಸುಲಭವಾಗಿ ಮುರಿಯುವ ಕಾಯಿಲೆ ಬರುತ್ತದೆ, ಆಗಾಗ ಭೀಕರವಾಗಿಯೇ ಬರುತ್ತದೆ. ಅದೇ ಆ ಪ್ರತಿ ಪೂರ್ತಿ ಸತ್ತು ಎಳೆಯನ್ನೇ ಮಾಡದಿದ್ದರೆ? ಹುರಿಗಳ ಸಂಖ್ಯೆ ಅರ್ಧವಾಗುತ್ತದೆ, ಆದರೆ ಇರುವವೆಲ್ಲ ಚೆನ್ನಾಗಿರುತ್ತವೆ. ಕಾಯಿಲೆ ಬರುತ್ತದೆ, ಆದರೆ ಸಾಮಾನ್ಯವಾಗಿ ಅಷ್ಟು ತೀವ್ರವಲ್ಲ. ಎರಡೂ ಪ್ರಬಲ ಕಾಯಿಲೆಗಳೇ. ಇಲ್ಲಿ ‘ಬಲ’ ಯಾವುದಕ್ಕಿದೆ, ಹೇಳಿ ನೋಡೋಣ.

‘ಪ್ರಬಲ ಕಾಯಿಲೆ ಅಂದರೆ ಮನೆತನದಲ್ಲಿ ಮೊದಲೇ ಇರಲೇಬೇಕು’ ಅನ್ನುವುದೂ ಪೂರ್ತಿ ಸರಿಯಲ್ಲ. ಅಕಾಂಡ್ರೊಪ್ಲೇಸಿಯಾ ಎಂಬ ಕುಬ್ಜತೆ ಪ್ರಬಲ ಗುಣ, ಆದರೆ ಅದಿರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 80 ಮಂದಿಯ ತಂದೆತಾಯಿ ಸಾಮಾನ್ಯ ಎತ್ತರದವರು. ರೂಪಾಂತರ ಆ ಮಗುವಿನಲ್ಲೇ ಹೊಸದಾಗಿ ಬಂದಿರುತ್ತದೆ.

ಕೊನೆಯದಾಗಿ ನಾಲಿಗೆ. ನಾಲಿಗೆಯನ್ನು ಕೊಳವೆಯಂತೆ ಸುರುಳಿ ಮಾಡಲು ಬರುವುದು ಪ್ರಬಲ, ಬರದಿರುವುದು ದುರ್ಬಲ ಅಂತ ತರಗತಿಯಲ್ಲಿ ಕೈ ಎತ್ತಿಸುವ ಪಾಠ ಇನ್ನೂ ನಡೆಯುತ್ತಿದೆ. ಇದನ್ನು 1940ರಲ್ಲಿ ಬರೆದವರು ಸ್ಟರ್ಟ್‌ವೆಂಟ್, ಕ್ರೋಮೋಸೋಮಿನ ಮೊದಲ ನಕ್ಷೆ ಮಾಡಿದವರು, ಸಣ್ಣ ಹೆಸರೇನಲ್ಲ. 1952ರಲ್ಲಿ 33 ಜೋಡಿ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ 7 ಜೋಡಿಗಳಲ್ಲಿ ಒಬ್ಬರಿಗೆ ಸುರುಳಿ ಬರುತ್ತಿತ್ತು, ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ಜೀನ್ ಒಂದೇ ಆಗಿದ್ದು ನಾಲಿಗೆ ಬೇರೆ ಆದರೆ, ಒಂದೇ ಜೀನಿನ ಪ್ರಬಲ ಗುಣ ಎಂಬ ಕತೆ ನಿಲ್ಲುವುದಿಲ್ಲ ಅಲ್ವಾ? ಸ್ಟರ್ಟ್‌ವೆಂಟ್ ಅದನ್ನು ಒಪ್ಪಿಕೊಂಡರು. ಈಗಲೂ ಕೆಲವು ಪುಸ್ತಕಗಳು ಇದನ್ನು ಖಚಿತ ಉದಾಹರಣೆಯಾಗಿ ಕೊಡುತ್ತಿರುವುದು ಕಂಡರೆ ಮುಜುಗರವಾಗುತ್ತದೆ ಎಂದು 1965ರಲ್ಲಿ ಬರೆದರು. ಪುಸ್ತಕಗಳು ಮಾತ್ರ ಕೇಳಿಸಿಕೊಂಡ ಹಾಗಿಲ್ಲ. ಮನುಷ್ಯರಿಂದಲೇ ಉದಾಹರಣೆ ಬೇಕು ಅನ್ನುವ ಮೇಷ್ಟ್ರುಗಳು ನಾಲಿಗೆಯನ್ನು ಬಿಟ್ಟು ರಕ್ತದ ಗುಂಪು ಹಿಡಿಯಲಿ. ಒಂದೇ ಪಟ್ಟಿಯಲ್ಲಿ ಪ್ರಬಲ, ಸಹಪ್ರಬಲ, ಸುಪ್ತ ಮೂರೂ ಸಿಗುತ್ತವೆ.